ಗದ್ಯಾಣಕ್ಕೆ ಇವತ್ತಿನ ರೂಪಾಯಿ ಕಟ್ಟುವ ಚಟ

ಶಾಸನದ ಪಾಠ ಓದಿ ಮುಗಿಸುವುದೇ ತಡ, ಸುತ್ತ ನಿಂತ ಊರವರು ಮೊದಲು ಕೇಳುವುದು ರಾಜ ಯಾರು ಅಂತಲ್ಲ. "ಅಷ್ಟ ಗದ್ಯಾಣ ಅಂದ್ರ ಈಗಿನ ಎಷ್ಟ ರೂಪಾಯಿ ಆಕ್ಕೈತ್ರಿ ಸರ್?" ಅಂತ. ಪ್ರಶ್ನೆ ಸಹಜವಾದದ್ದೇ. ನನ್ನ ತಕರಾರು ಇರುವುದು ಅದಕ್ಕೆ ಥಟ್ಟನೆ ಉತ್ತರ ಕೊಡುವ ನಮ್ಮಂಥವರ ಮೇಲೆ. ಗ್ರಾಮ ಚರಿತ್ರೆಯ ಪುಸ್ತಕಗಳಲ್ಲಿ, ಜೀರ್ಣೋದ್ಧಾರದ ಸ್ಮರಣ ಸಂಚಿಕೆಗಳಲ್ಲಿ, ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ, ಕೆಲವು ಸಂಶೋಧನ ಲೇಖನಗಳ ಅಡಿಯಲ್ಲಿ ಸಹ ಒಂದೇ ಸೂತ್ರ ಓಡಾಡುತ್ತಿದೆ. ಒಂದು ಗದ್ಯಾಣ ಅಂದರೆ ಒಂದು ವರಹ, ಒಂದು ವರಹ ಅಂದರೆ 3.4 ಗ್ರಾಂ ಬಂಗಾರ, ಅದನ್ನು ಇವತ್ತಿನ ಸರಾಫ ಬಜಾರದ ದರದಿಂದ ಗುಣಿಸು. ಬಂದ ಅಂಕಿಗೆ ‘ಅಂದಿನ ದಾನ ಇಂದಿನ ಇಷ್ಟು ಲಕ್ಷಕ್ಕೆ ಸಮ’ ಅಂತ ಬರೆದರೆ ಮುಗೀತು.

ನಾನು ಇಂಜಿನಿಯರು. ಶಾಸನ ಓದುವುದನ್ನು ಯಾವ ವಿಶ್ವವಿದ್ಯಾಲಯದಲ್ಲೂ ಕಲಿತವನಲ್ಲ, ಕಲ್ಲಿನ ಮುಂದೆ ಕೂತು ಕಲಿತವನು. ಆದರೆ ಗುಣಿಸುವ ಮುಂಚೆ ಎರಡೂ ಕಡೆಯ ಮಾನ ಒಂದೇ ಇದೆಯೇ ಅಂತ ನೋಡಬೇಕು ಅನ್ನುವುದು ನನ್ನ ಕಸುಬಿನ ಮೊದಲ ಪಾಠ. ಈ ಸೂತ್ರದಲ್ಲಿ ಆ ಪಾಠವೇ ಬಿಟ್ಟುಹೋಗಿದೆ.

ಮೊದಲು ‘ಗದ್ಯಾಣ ಅಂದರೆ ವರಹ’ ಅನ್ನುವ ಸಮಚಿಹ್ನೆಯನ್ನೇ ತಗೊಳ್ಳೋಣ. ಗೋವೆಯ ಕದಂಬರ ಚಿನ್ನದ ಗದ್ಯಾಣಗಳು 4.3 ಗ್ರಾಂ ಆಸುಪಾಸು ತೂಗುತ್ತವೆ. ವಿಷ್ಣುವರ್ಧನನ ‘ಶ್ರೀ ತಳಕಾಡುಗೊಂಡ’ ಬರಹದ ನಾಣ್ಯ ಸುಮಾರು ನಾಲ್ಕು ಗ್ರಾಂ. ವಿಜಯನಗರದ ವರಹ 3.4. ಹೆಸರು ಒಂದರಿಂದ ಇನ್ನೊಂದಕ್ಕೆ ಸರಿದಿದೆ, ಶಾಸನಗಳಲ್ಲಿ ‘ವರಹ ಗದ್ಯಾಣ’ ಅಂತ ಜೋಡಿಯಾಗಿಯೂ ಬರುತ್ತದೆ. ಆದರೆ ಹೆಸರು ಸರಿಯುವಷ್ಟರಲ್ಲಿ ತೂಕದಲ್ಲಿ ಐದರಲ್ಲೊಂದು ಪಾಲು ಕರಗಿಹೋಗಿದೆ. ಹನ್ನೆರಡನೆಯ ಶತಮಾನದ ಶಾಸನದ ಗದ್ಯಾಣವನ್ನು ಹದಿನೈದನೆಯ ಶತಮಾನದ ವರಹದ ತೂಕದಲ್ಲಿ ಅಳೆದರೆ, ಶುರುವಿನಲ್ಲೇ ನೂರಕ್ಕೆ ಇಪ್ಪತ್ತರಷ್ಟು ತಪ್ಪು. ಸೇತುವೆ ಲೆಕ್ಕದಲ್ಲಿ ಹೀಗೆ ಮಾಡಿದವನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ಎರಡನೆಯದು, ಪುಸ್ತಕಗಳ ಕೊನೆಯ ಕೋಷ್ಟಕ. ಗದ್ಯಾಣಕ್ಕೆ ಹತ್ತು ಪಣ, ಪಣಕ್ಕೆ ನಾಲ್ಕು ಹಾಗ, ಹಾಗಕ್ಕೆ ನಾಲ್ಕು ವೀಸ. ಇದು ಸುಳ್ಳಲ್ಲ. ಆದರೆ ಇದೇ ಸಾಲನ್ನು ರಾಷ್ಟ್ರಕೂಟರಿಂದ ಕೆಳದಿಯವರೆಗೆ ಎಳೆಯುವುದು ಸರಿಯಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಏನು ಬರೆದಿದ್ದಾನೆ ನೋಡಿ: ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಪಣ. ಅಂದರೆ ವರಹಕ್ಕೆ ಇಪ್ಪತ್ತು ಪಣ! ಪಣದ ಆರರಲ್ಲೊಂದು ಬೆಳ್ಳಿಯ ತಾರ, ತಾರದ ಮೂರರಲ್ಲೊಂದು ತಾಮ್ರದ ಜಿತಲ್. ಮುಂದೆ ಮದ್ರಾಸಿನ ಇಂಗ್ಲಿಷರ ಲೆಕ್ಕದಲ್ಲಿ ಪಗೋಡಕ್ಕೆ 42 ಫಣಂ, ಅದು ಬೆಳ್ಳಿಯ ಫಣಂ. ಇನ್ನು ಮೈಸೂರಿನ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಹಾಕಿಸಿದ ಕಂಠೀರಾಯಿ ಪಣ ಹತ್ತು ಸೇರಿದರೆ ಒಂದು ಕಂಠೀರಾಯಿ ವರಹ. ಆ ವರಹ ಯಾವ ಟಂಕಸಾಲೆಯಲ್ಲೂ ಅಚ್ಚಾದದ್ದಲ್ಲ, ಬರೀ ಲೆಕ್ಕದ ಪುಸ್ತಕದಲ್ಲಿ ಬದುಕಿದ್ದ ನಾಣ್ಯ. ಕೈಗೆ ಸಿಗದ ನಾಣ್ಯಕ್ಕೆ ಗ್ರಾಂ ಎಲ್ಲಿಂದ ತರೋದು?

ರಜಾಕನ ಅದೇ ಮಾತಿನಲ್ಲಿ ಇನ್ನೊಂದು ತುಣುಕಿದೆ, ನಮ್ಮವರು ಯಾರೂ ಅದನ್ನು ಎತ್ತಿ ಹೇಳುವುದಿಲ್ಲ. ಈ ನಾಣ್ಯಗಳು ಬೇರೆ ಲೋಹ ಬೆರೆಸಿದ ಚಿನ್ನದವು ಅನ್ನುತ್ತಾನೆ. ಹೊರಗಿನಿಂದ ಬಂದ ಒಬ್ಬ ರಾಯಭಾರಿಗೆ ಕಂಡದ್ದು ನಮ್ಮ ಕೋಷ್ಟಕಕ್ಕೆ ಕಂಡಿಲ್ಲ.

ಶಾಸನ ಬರೆಸಿದವರಿಗಂತೂ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದಕ್ಕೇ ಬರೀ ‘ಗದ್ಯಾಣ’ ಅಂತ ಬಿಡದೆ ‘ಲೊಕ್ಕಿಗದ್ಯಾಣ’, ‘ಪ್ರಿಯಗದ್ಯಾಣ’, ‘ಘಟ್ಟಿ ವರಹ’, ‘ನಿಜಗಟ್ಟಿ ವರಹ’ ಅಂತ ವಿಶೇಷಣ ಹಚ್ಚಿದರು. ಲೊಕ್ಕಿ ಅಂದರೆ ಲೊಕ್ಕಿಗುಂಡಿ, ಈಗಿನ ಲಕ್ಕುಂಡಿ. ಅಲ್ಲಿನ ಕಮ್ಮಟದಲ್ಲಿ ಅಚ್ಚಾದ ನಾಣ್ಯವನ್ನೇ ಕೊಡಬೇಕು ಅಂತ ಕರಾರು. ‘ನಿಜಗಟ್ಟಿ’ ಅಂದರೆ ಗಟ್ಟಿ ಲೋಹದ್ದು, ಬೆರಕೆಯದ್ದಲ್ಲ. ಸಂಪಾದಕರು ಇವನ್ನು ಪಾಠದಲ್ಲಿ ಉಳಿಸುತ್ತಾರೆ, ಸಾರಾಂಶ ಬರೆಯುವಾಗ ‘ಇಷ್ಟು ಗದ್ಯಾಣ ದಾನ’ ಅಂತ ಬೋಳಿಸಿಬಿಡುತ್ತಾರೆ. ಆಮೇಲೆ ಬರುವವರು ಸಾರಾಂಶವನ್ನಷ್ಟೇ ಓದುತ್ತಾರೆ. ನನ್ನ ಮಟ್ಟಿಗೆ ಇಡೀ ಸಾಲಿನಲ್ಲಿ ಅತಿ ಬೆಲೆಯ ಶಬ್ದ ಅದೇ ವಿಶೇಷಣ. ನಾಣ್ಯ ಮುಂದೆ ಕೆಡುತ್ತದೆ, ಹಗುರಾಗುತ್ತದೆ ಅನ್ನುವ ದಾನಿಯ ಅಂಜಿಕೆ ಆ ಒಂದು ಮಾತಿನಲ್ಲಿ ಕೂತಿದೆ.

ಬ್ಯಾಡಗಿಯ ಮಾರುಕಟ್ಟೆಗೆ ಹೋಗಿ ‘ಒಂದು ಕ್ವಿಂಟಲ್ ಮೆಣಸಿನಕಾಯಿ ಎಷ್ಟು’ ಅಂತ ಕೇಳಿ ನೋಡಿ. ಯಾರೂ ಉತ್ತರ ಕೊಡುವುದಿಲ್ಲ. ಡಬ್ಬಿಯೋ, ಕಡ್ಡಿಯೋ, ಗುಂಟೂರಿಯೋ ಅಂತ ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಲೊಕ್ಕಿ, ಪ್ರಿಯ, ಘಟ್ಟಿ ಅನ್ನುವುದು ಆ ಕಾಲದ ಡಬ್ಬಿ, ಕಡ್ಡಿ.

ದತ್ತಿಯ ಬಡ್ಡಿಯಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ಹೊನ್ನಿಗೆ ತಿಂಗಳಿಗೆ ಹಾಗ ಬಡ್ಡಿ ಎಂಬ ಮಾದರಿಯ ಕರಾರು ದಾನಶಾಸನಗಳಲ್ಲಿ ಸಿಗುತ್ತದೆ. ಹತ್ತು ಪಣದ ಹೊನ್ನು, ನಾಲ್ಕು ಹಾಗದ ಪಣ ಅಂತ ಹಿಡಿದರೆ ತಿಂಗಳಿಗೆ ನಲವತ್ತರಲ್ಲೊಂದು, ಅಂದರೆ ಶೇಕಡಾ ಎರಡೂವರೆ, ವರ್ಷಕ್ಕೆ ಮೂವತ್ತು. ಅಸಲು ಮತ್ತು ಬಡ್ಡಿ ಒಂದೇ ಲೋಹದಲ್ಲಿ, ಒಂದೇ ಕಮ್ಮಟದ ನಾಣ್ಯದಲ್ಲಿ ನಡೆದಾಗ ಈ ಪ್ರಮಾಣ ಕೆಡುವುದಿಲ್ಲ, ಲೋಹ ಏನೇ ಇರಲಿ. ಆದರೆ ಅಸಲು ಗಟ್ಟಿ ವರಹದಲ್ಲಿ ಸಂದು, ಬಡ್ಡಿ ಮಾತ್ರ ಆಗ ಚಲಾವಣೆಯಲ್ಲಿದ್ದ ಪಣದಲ್ಲಿ ಸಂದರೆ? ಪಣದ ಚಿನ್ನ ಒಂದು ಪಾಲು ಇಳಿದಾಗ ನಂದಾದೀಪದ ಎಣ್ಣೆಯೂ ಅಷ್ಟೇ ಇಳಿಯಿತು. ಲೆಕ್ಕದ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ, ಹೇರಿಗೆ ಇಷ್ಟು ಎಲೆ ಅಂತ ವಸ್ತುವಿನಲ್ಲೇ ಬಿಟ್ಟ ದಾನಗಳನ್ನು ನಾವು ‘ನಾಣ್ಯ ಕಡಿಮೆ ಇದ್ದ ಆರ್ಥಿಕತೆ’ ಅಂತ ವಿವರಿಸುತ್ತೇವೆ. ನಾಣ್ಯವನ್ನು ನಂಬದವರ ಜಾಣತನ ಅಂತಲೂ ಅದನ್ನು ಓದಬಹುದಲ್ಲ?

ಈಗ ಲೋಹದ ಮಾತು. ‘ಗದ್ಯಾಣ ಅಂದರೆ ಇಷ್ಟು ಗ್ರಾಂ ಬಂಗಾರ’ ಅನ್ನುವವರು ನಾಣ್ಯದ ತೂಕವನ್ನೇ ಚಿನ್ನದ ತೂಕ ಅಂದುಕೊಂಡಿದ್ದಾರೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಬೇರೆ ಬೇರೆ ಬಣ್ಣದ ಚಿನ್ನ ಕರಗಿಸಿ ಸೇರಿಸಿದರೆ ಬರುವ ಬಣ್ಣ ಎಷ್ಟು ಎಂಬ ಲೆಕ್ಕಗಳಿಗೆ ಜಾಗ ಕೊಟ್ಟಿದ್ದಾನೆ. ಹದಿನಾರು ಬಣ್ಣದ್ದು ಅಪ್ಪಟ ಚಿನ್ನ. ಹದಿನಾಲ್ಕು ಬಣ್ಣದ ಐದು ತೂಕ, ಹತ್ತು ಬಣ್ಣದ ಮೂರು ತೂಕ ಕೂಡಿಸಿದರೆ ಎಪ್ಪತ್ತು ಮತ್ತು ಮೂವತ್ತು ನೂರು, ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ ಬಣ್ಣ. ಈಗಿನ ಮಾತಲ್ಲಿ ಶೇಕಡಾ 78. ಸಾವಿರದ ನೂರು ವರ್ಷದ ಹಿಂದೆ ಹುಡುಗರಿಗೆ ಕಲಿಸುತ್ತಿದ್ದ ಲೆಕ್ಕವನ್ನು ನಾವು ಬಿಟ್ಟು, ಎಲ್ಲ ನಾಣ್ಯವನ್ನೂ ಹದಿನಾರು ಬಣ್ಣಕ್ಕೆ ಏರಿಸಿಬಿಟ್ಟಿದ್ದೇವೆ.

ಪಣದ ತೂಕವೇ ಒಂದು ಸುಳಿವು ಕೊಡುತ್ತದೆ. ಚಿನ್ನದ ಪಣಗಳು 0.33ರಿಂದ 0.4 ಗ್ರಾಂವರೆಗೆ ಸಿಗುತ್ತವೆ. 0.36ರದ್ದು ಹತ್ತು ಸೇರಿಸಿದರೆ 3.6 ಗ್ರಾಂ. ಅದರ ಬೆಲೆ 3.4 ಗ್ರಾಂನ ಒಂದು ವರಹಕ್ಕೆ ಸಮ ಅಂತಾದರೆ, ಪಣದ ಚಿನ್ನ ವರಹದ ಚಿನ್ನಕ್ಕಿಂತ ಕೀಳಾಗಿರಲೇಬೇಕು. ಇದಕ್ಕೆ ಪ್ರಯೋಗಾಲಯ ಬೇಡ.

ಹಾಗಂತ ಮನೆಯಲ್ಲೇ ನೀರಿನಲ್ಲಿ ತೂಗಿ ‘ಶೇಕಡಾ 87.3 ಶುದ್ಧತೆ’ ಅಂತ ದಶಾಂಶ ಸಹಿತ ಬರೆಯುವವರನ್ನೂ ನಾನು ಒಪ್ಪುವುದಿಲ್ಲ. ಅಂಥವರ ಸಂಖ್ಯೆ ಹೆಚ್ಚುತ್ತಿದೆ, ನಮ್ಮ ಇಂಜಿನಿಯರ್ ಜಾತಿಯವರೇ ಜಾಸ್ತಿ. ಲೆಕ್ಕ ಹಾಕಿ ನೋಡಿ. 3.4 ಗ್ರಾಂನ ವರಹದಲ್ಲಿ ಶೇಕಡಾ 90 ಚಿನ್ನ, ಉಳಿದದ್ದು ಬೆಳ್ಳಿ, ತಾಮ್ರ ಸಮಸಮ ಇದ್ದರೆ ನೀರಿನಲ್ಲಿ 0.194 ಗ್ರಾಂ ಕಡಿಮೆ ತೂಗುತ್ತದೆ. ಶೇಕಡಾ 80 ಇದ್ದರೆ 0.211. ಎರಡಕ್ಕೂ ಅಂತರ 0.017 ಗ್ರಾಂ. ಸಾವಿರ ರೂಪಾಯಿಯ ತಕ್ಕಡಿಯ ಕಡೆಯ ಅಂಕಿಯೇ 0.01. ನಾಣ್ಯಕ್ಕೆ ಅಂಟಿದ ಒಂದು ಗಾಳಿಗುಳ್ಳೆ ಹನ್ನೆರಡು ಬಣ್ಣವನ್ನು ಹತ್ತು ಮಾಡಬಲ್ಲದು. ಪಣದಲ್ಲಂತೂ ಅಂತರ 0.002, ಅದನ್ನು ನೀರಲ್ಲಿ ತೂಗುವುದು ವ್ಯರ್ಥ. ಅದರ ಬದಲು ರಾಣೆಬೆನ್ನೂರಿನ ಯಾವುದೇ ಹಳೇ ಪತ್ತಾರರ ಒರೆಗಲ್ಲು ವಾಸಿ. ಮ್ಯೂಸಿಯಂಗಳು ಕ್ಷ-ಕಿರಣ ಪ್ರತಿದೀಪ್ತಿಯಿಂದ ಅಳೆದ ಅಂಕಿ ಇದ್ದರೆ ಅದನ್ನು ತಗೊಳ್ಳಬೇಕು. ಅದೂ ಮೇಲ್ಮೈಯದು ಮಾತ್ರ ಅನ್ನುವ ಎಚ್ಚರದೊಂದಿಗೆ.

ವಾಲ್ಟರ್ ಎಲಿಯಟ್‌ನನ್ನು ಇಲ್ಲಿ ನೆನೆಯಬೇಕು. 1824ರ ಕಿತ್ತೂರಿನ ದಂಗೆಯಲ್ಲಿ ಸೆರೆ ಸಿಕ್ಕವನು, ಧಾರವಾಡ ಸೀಮೆಯ ನೂರಾರು ಶಾಸನಗಳ ಪ್ರತಿ ಮಾಡಿಸಿದವನು. ಅವನು 1880ರ ದಶಕದಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ನಾಣ್ಯಗಳ ಪುಸ್ತಕ ಗುಲಗಂಜಿ, ಮಂಜಾಡಿ ಬೀಜಗಳ ತೂಕದ ಚರ್ಚೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಅದನ್ನು ಓದಿ ನಾನು ಐರಣಿಯ ಹೊಳೆದಂಡೆಯ ಬೇಲಿಯಿಂದ ನೂರು ಗುಲಗಂಜಿ ಆರಿಸಿ ತಂದು ತೂಗಿದೆ. ನೂರಕ್ಕೆ 11.8 ಗ್ರಾಂ ಬಂತು. ತೊಂಬತ್ತಾರು ಗುಂಜಿಗೆ ಒಂದು ತೊಲ, ಅಂದರೆ 11.66 ಗ್ರಾಂ ಅನ್ನುವ ಹಳೇ ಲೆಕ್ಕಕ್ಕೆ ಇದು ಹತ್ತಿರ. ಆದರೆ ಒಂದೊಂದೇ ಬೀಜ ತೂಗಿದರೆ 0.09ರಿಂದ 0.15ವರೆಗೆ ಹರಡಿಕೊಂಡಿದೆ. ನೂರಾರು ಬೀಜದ ಸರಾಸರಿಯಲ್ಲಿ ಮಾತ್ರ ಗುಂಜಿ ನಂಬಿಗಸ್ತ. ಎಲಿಯಟ್‌ನ ನಂತರ ಬಂದ ಸಂಗ್ರಹಕಾರರು ಬೀಜ ಬಿಟ್ಟರು, ಕೋಷ್ಟಕ ಹಿಡಿದರು.

ಐರಣಿಯಲ್ಲೇ ಒಂದು ಮನೆಯಲ್ಲಿ ಮೂರು ರೂಪಾಯಿ ನಾಣ್ಯ ನೋಡಲು ಸಿಕ್ಕವು. ಒಂದು ವಿಕ್ಟೋರಿಯಾ ರಾಣಿಯದು, ಒಂದು ಆರನೇ ಜಾರ್ಜನ 1944ರದು, ಒಂದು 1947ರದು, ಹಿಂದುಗಡೆ ಹುಲಿ ಇರುವಂಥದು. ಮನೆಯ ಅಜ್ಜಿ ಲಕ್ಷ್ಮೀಪೂಜೆಗೆ ಇಡುತ್ತಾರೆ. ಮೊಮ್ಮಗ ಮೊಬೈಲ್‌ನಲ್ಲಿ ಯಾವುದೋ ವಿಡಿಯೊ ನೋಡಿ, ಹುಲಿಯ ರೂಪಾಯಿಗೆ ಲಕ್ಷಗಟ್ಟಲೆ ಬರುತ್ತದೆ ಅಂತ ನಂಬಿದ್ದ. ಮುಂಗಡವಾಗಿ ‘ನೋಂದಣಿ ಫೀ’ ಕಟ್ಟಲು ತಯಾರಾಗಿದ್ದ. ಅಜ್ಜಿ ಕೇಳಿದರು:

"ತಮ್ಮಾ, ಮೂರೂ ಒಂದ ರೂಪಾಯಿ ಅಲ್ಲೇನು? ಅದರಾಗ ಹೆಚ್ಚು ಯಾವುದು, ಕಡಿಮಿ ಯಾವುದು?"

"ಬರಿಯೋದು ಒಂದ ಐತಬೇ. ಒಳಗ ಬ್ಯಾರೆ ಬ್ಯಾರೆ ಐತಿ," ಅಂದೆ.

ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೋರಿಸಿದೆ. ರೂಪಾಯಿಯ ಗಾತ್ರಕ್ಕೆ ನನ್ನ ತಕ್ಕಡಿ ಸಾಕು. ಮೂರೂ ಅಚ್ಚಾದಾಗ ತೂಗುತ್ತಿದ್ದದ್ದು ಅದೇ 11.66 ಗ್ರಾಂ, ಅಂದರೆ ತೊಲ. ಆದರೆ ಶೇಕಡಾ 91.7 ಬೆಳ್ಳಿಯ ರಾಣಿ ರೂಪಾಯಿ ನೀರಿನಲ್ಲಿ 1.13 ಗ್ರಾಂ ಕಳೆದುಕೊಳ್ಳಬೇಕು. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ತಾಮ್ರ, ನಿಕ್ಕಲ್, ಸತು ಬೆರೆಸಿದ ಮೇಲಿನದು 1.22. 1947ರದು ಪೂರ್ತಿ ನಿಕ್ಕಲ್, 1.31. ರಾಣಿ ರೂಪಾಯಿ ಸವೆದು ಸ್ವಲ್ಪ ಹಗುರಾಗಿತ್ತು, ಅದನ್ನು ಬಿಟ್ಟರೆ ಲೆಕ್ಕ ತಾಳೆಯಾಯಿತು. 10.7 ಗ್ರಾಂ ಬೆಳ್ಳಿ, 5.8 ಗ್ರಾಂ ಬೆಳ್ಳಿ, ಸೊನ್ನೆ ಬೆಳ್ಳಿ. ಮೊಮ್ಮಗ ಮಾರಬೇಕೆಂದಿದ್ದದ್ದು ಸೊನ್ನೆಯದು. ಅವನು ಫೀ ಕಟ್ಟಲಿಲ್ಲ. ಅಜ್ಜಿ ಮೂರನ್ನೂ ಮತ್ತೆ ಅರಿಷಿಣ ಹಚ್ಚಿದ ಬಟ್ಟೆಯಲ್ಲೇ ಕಟ್ಟಿದರು, ಯಾವುದನ್ನೂ ಬೇರೆ ಮಾಡದೆ.

ಏಳೆಂಟು ವರ್ಷದ ಒಳಗೆ, ಒಂದೇ ರಾಜನ ಹೆಸರಿನಲ್ಲಿ, ಒಂದೇ ತೂಕದಲ್ಲಿ, ಒಂದೇ ಮುಖಬೆಲೆಯಲ್ಲಿ ರೂಪಾಯಿಯ ಬೆಳ್ಳಿ ಹತ್ತೂವರೆ ಗ್ರಾಂ ಮೇಲಿನಿಂದ ಸೊನ್ನೆಗೆ ಇಳಿದದ್ದು ನಮ್ಮ ಅಜ್ಜ, ಅಜ್ಜಿಯರ ಕಣ್ಣೆದುರಿಗೆ. ಇದನ್ನು ಕಂಡೂ ಐದುನೂರು ವರ್ಷ ಗದ್ಯಾಣ ಹಾಗೇ ಇತ್ತು ಅಂತ ನಂಬುವುದು ಹೇಗೆ ಅಂತ ನನಗೆ ತಿಳಿಯುವುದಿಲ್ಲ.

ವರಹದಿಂದ ರೂಪಾಯಿಗೆ ದಾಟಿದ ಘಟ್ಟವನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು, ಇಡೀ ಗೊಂದಲದ ಬೇರು ಅಲ್ಲಿದೆ. 1800ರ ಜೂನ್‌ನಲ್ಲಿ ಧೋಂಡಿಯಾ ವಾಘ್‌ನ ಬೆನ್ನುಹತ್ತಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಹರಿಹರದಲ್ಲಿ ಹೊಳೆ ದಾಟಿ ರಾಣೆಬೆನ್ನೂರಿನ ಕಡೆ ಬಂದ ಕಾಲಕ್ಕೆ ಈ ಸೀಮೆಗಳಲ್ಲಿ ಇಕ್ಕೇರಿ ವರಹ, ಹೈದರನ ಬಹದ್ದೂರಿ ವರಹ, ಕಂಠೀರಾಯಿ ಪಣ, ಜೊತೆಗೆ ತರಾವರಿ ಬೆಳ್ಳಿ ರೂಪಾಯಿ ಒಟ್ಟೊಟ್ಟಿಗೆ ಓಡುತ್ತಿದ್ದವು. ಅದೇ ವರ್ಷ ಪ್ರವಾಸ ಹೊರಟ ಫ್ರಾನ್ಸಿಸ್ ಬುಕಾನನ್ ಊರೂರಿಗೆ ನಾಣ್ಯದ ದರ ಕೇಳಿ ಬರೆದುಕೊಂಡಿದ್ದಾನೆ. 1818ರಲ್ಲಿ ಈ ದಡ ಕಂಪನಿಗೆ ಬಂತು. 1835ರ ನಾಣ್ಯ ಕಾಯ್ದೆ ಬಂದು 180 ಗ್ರೇನ್ ತೂಕದ, 165 ಗ್ರೇನ್ ಅಪ್ಪಟ ಬೆಳ್ಳಿಯ ಒಂದೇ ರೂಪಾಯಿ ಎಲ್ಲ ಕಡೆ ಸಂದಿತು. ಚಿನ್ನದ ಯಾವ ನಾಣ್ಯವೂ ಇನ್ನು ಸಾಲ ತೀರಿಸಲು ಕಾನೂನಿನಂತೆ ಸಲ್ಲದು ಅಂತ ಅದೇ ಕಾಯ್ದೆ ಹೇಳಿತು. ಒಂದು ವಾಕ್ಯದಲ್ಲಿ ವರಹ, ಪಣ ಎಲ್ಲ ಪತ್ತಾರನ ತಕ್ಕಡಿಗೆ ಸೇರಿದವು.

ಉದಾಹರಣೆಗೆ ಮದ್ರಾಸಿನ ಸ್ಟಾರ್ ಪಗೋಡ ತಗೊಳ್ಳುತ್ತೇನೆ. ನಮ್ಮ ದಡದ್ದಲ್ಲ, ಆದರೆ ಅದರ ಅಂಕಿ ಪಕ್ಕಾ ಇವೆ. ಶೇಕಡಾ 80 ಚಿನ್ನ, ಅಪ್ಪಟ ಚಿನ್ನ 42 ಗ್ರೇನ್, ಅಂದರೆ 2.72 ಗ್ರಾಂ. ಅದಕ್ಕೆ ಸರ್ಕಾರ ಗೊತ್ತು ಮಾಡಿದ ದರ ಮೂರೂವರೆ ರೂಪಾಯಿ. ಮೂರೂವರೆ ರೂಪಾಯಿಯಲ್ಲಿ ಬೆಳ್ಳಿ 577 ಗ್ರೇನ್ ಚಿಲ್ಲರೆ, 37.4 ಗ್ರಾಂ. ಭಾಗಿಸಿದರೆ ಚಿನ್ನಕ್ಕೆ ಬೆಳ್ಳಿ 13.7 ಪಟ್ಟು. ಆ ಹೊತ್ತಿಗೆ ಯೂರೋಪಿನಲ್ಲಿ ಅದು 15.5 ಪಟ್ಟು. ಅಂದರೆ ಚಿನ್ನದ ನಾಣ್ಯ ಇಟ್ಟುಕೊಂಡವನಿಗೆ ಬದಲಾವಣೆಯ ದರದಲ್ಲೇ ನೂರಕ್ಕೆ ಹನ್ನೊಂದರಷ್ಟು ಹೋಯಿತು. 1870ರ ದಶಕದಲ್ಲಿ ಯೂರೋಪಿನ ದೇಶಗಳು ಚಿನ್ನದ ಮಾನಕ್ಕೆ ಹೊರಳಿದ ಮೇಲೆ ಬೆಳ್ಳಿ ಕುಸಿಯಿತು, ಎರಡು ಶಿಲ್ಲಿಂಗಿನ ಹತ್ತಿರ ಇದ್ದ ರೂಪಾಯಿ ಒಂದು ಶಿಲ್ಲಿಂಗ್ ಎರಡು ಪೆನ್ಸ್‌ವರೆಗೆ ಜಾರಿತು. 1893ರಲ್ಲಿ ಬೆಳ್ಳಿ ಕೊಟ್ಟು ರೂಪಾಯಿ ಅಚ್ಚು ಹಾಕಿಸಿಕೊಳ್ಳುವ ಬಾಗಿಲು ಮುಚ್ಚಿದರು. ಅಲ್ಲಿಂದ ರೂಪಾಯಿಯ ಬೆಲೆಗೂ ಒಳಗಿನ ಬೆಳ್ಳಿಗೂ ಸಂಬಂಧ ಕಡಿಯಿತು. 1957ರ ದಶಮಾಂಶ, 2011ರಲ್ಲಿ ನಾಲ್ಕಾಣೆಯ ಅಂತ್ಯ ಎಲ್ಲರಿಗೂ ಗೊತ್ತಿರುವುದೇ.

ಈಗ ಅದೇ ಒಂದು ಪಗೋಡವನ್ನು ಇವತ್ತಿಗೆ ತನ್ನಿ. ಚಿನ್ನದ ದಾರಿಯಲ್ಲಿ ಬಂದರೆ 2.72 ಗ್ರಾಂ ಚಿನ್ನದ ಬೆಲೆ. ಬೆಳ್ಳಿಯ ದಾರಿಯಲ್ಲಿ ಬಂದರೆ 37.4 ಗ್ರಾಂ ಬೆಳ್ಳಿಯ ಬೆಲೆ. ಈಗ ಚಿನ್ನ ಬೆಳ್ಳಿಯ ಪ್ರಮಾಣ ಆ ಹದಿಮೂರು ಚಿಲ್ಲರೆಯ ಹಲವು ಪಟ್ಟು ಆಗಿರುವುದರಿಂದ ಎರಡು ಉತ್ತರಕ್ಕೂ ಅಜಗಜಾಂತರ. ದಫ್ತರದ ದಾರಿಯಲ್ಲಿ ಬಂದರೆ ಮೂರು ರೂಪಾಯಿ ಐವತ್ತು ಪೈಸೆ, ಅಷ್ಟೇ. ನಗದಾಗಿ ವರ್ಷಾಸನ ಗೊತ್ತಾದ ಎಷ್ಟೋ ಗುಡಿಗಳು ಬಂದದ್ದು ಈ ಮೂರನೆಯ ದಾರಿಯಲ್ಲಿ, ಚಹಾದ ಖರ್ಚಿಗೂ ಸಾಲದ ಮೊತ್ತದೊಂದಿಗೆ. ಗದ್ಯಾಣಕ್ಕೆ ಲಕ್ಷ ಕಟ್ಟುವವರು ಮೊದಲನೆಯ ದಾರಿಯನ್ನು ಮಾತ್ರ ತೋರಿಸುತ್ತಾರೆ. ಕಾರಣ ಏನು? ಅಂಕಿ ದೊಡ್ಡದು ಬರುತ್ತದೆ.

ದೊಡ್ಡ ಅಂಕಿಯಿಂದ ಆಗುವ ಕೇಡು ಬರೀ ಪಾಂಡಿತ್ಯದ್ದಲ್ಲ. ನಮ್ಮ ತಾಲ್ಲೂಕುಗಳಲ್ಲಿ ವೀರಗಲ್ಲು ಕಿತ್ತು, ಗರ್ಭಗುಡಿಯ ಹಾಸುಗಲ್ಲು ಎಬ್ಬಿಸಿ, ಕೋಟೆಯ ಬುಡ ಅಗೆದು ನಿಧಿ ಹುಡುಕಿದ ಗುಂಡಿಗಳನ್ನು ನೋಡದ ಕ್ಷೇತ್ರಕಾರ್ಯಕರ್ತ ಯಾರೂ ಇಲ್ಲ. ‘ಈ ದೇವರಿಗೆ ಇಂದಿನ ಇಷ್ಟು ಕೋಟಿ ಬೆಲೆಯ ಹೊನ್ನು ದಾನ’ ಅಂತ ಫಲಕದಲ್ಲಿ ಬರೆದರೆ ಅಗೆಯುವವನಿಗೆ ವಿಳಾಸ ಕೊಟ್ಟ ಹಾಗೆ. ಶಾಸನದಲ್ಲಿ ಇರುವುದು ಕೊಟ್ಟ ಲೆಕ್ಕ, ಹೂತಿಟ್ಟ ಲೆಕ್ಕವಲ್ಲ ಅನ್ನುವುದು ಗುದ್ದಲಿ ಹಿಡಿದವನಿಗೆ ಗೊತ್ತಿರುವುದಿಲ್ಲ. ಪ್ರಾಮಾಣಿಕವಾಗಿ ಸಿಕ್ಕಾಗಲೂ ಕಥೆ ಬೇರೆಯಲ್ಲ. 1878ರ ನಿಧಿ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ಸಿಕ್ಕರೆ ತಿಳಿಸಬೇಕು ಅಂತ ಹೇಳಿತು. ಆಗಿನ ಹತ್ತು ರೂಪಾಯಿ ಅಂದರೆ 107 ಗ್ರಾಂ ಬೆಳ್ಳಿ. ಕಾಯ್ದೆಯಲ್ಲಿ ಅಂಕಿ ಹತ್ತಾಗಿಯೇ ಉಳಿಯಿತು, ರೂಪಾಯಿ ಉಳಿಯಲಿಲ್ಲ. ತಿಳಿಸುವುದು ಯಾಕೆ ಅಂತ ಕರಗಿಸಿದವರ ಮೂಸೆಯಲ್ಲಿ ಹೋದ ನಾಣ್ಯದ ಬರಹ, ಕಮ್ಮಟದ ಗುರುತು, ತೂಕ ಯಾವುದೂ ಮತ್ತೆ ಹುಟ್ಟುವುದಿಲ್ಲ.

ಹೊಳೆಸಾಲಿನ ಒಂದು ಊರಿನ ದೇವಸ್ಥಾನ ಸಮಿತಿಯವರು ಫಲಕಕ್ಕೆ ಮಜಕೂರು ಕೇಳಿದ್ದರು, ‘ಇಂದಿನ ಬೆಲೆ’ ಅನ್ನುವ ಕಡೆ ಖಾಲಿ ಜಾಗ ಬಿಟ್ಟು. ನಾನು ಆ ಜಾಗದಲ್ಲಿ ರೂಪಾಯಿ ಬರೆಯಲಿಲ್ಲ. ಶಾಸನದಲ್ಲಿ ಇದ್ದ ಹಾಗೇ ನಾಣ್ಯದ ಪೂರ್ತಿ ಹೆಸರು ಬರೆದೆ, ಅದರ ಕೆಳಗೆ ಆ ಹೊನ್ನಿನ ಬಡ್ಡಿಯಿಂದ ಯಾವ ದೀಪ ಉರಿಯಬೇಕು, ಎಷ್ಟು ಮಂದಿ ಉಣ್ಣಬೇಕು ಅಂತ ಕಲ್ಲೇ ಹೇಳಿದ್ದನ್ನು ಬರೆದೆ. ಅಧ್ಯಕ್ಷರು ಓದಿ, "ಮೊತ್ತ ಹಾಕಿದ್ರ ಜನಾ ನಿಂತು ಓದ್ತಿದ್ರು ಸರ್," ಅಂದರು. ಇನ್ನೂ ಫಲಕ ಹಾಕಿಲ್ಲ.